ಚಿಕ್ಕಮ್ಮ ಮತ್ತು ಅಂಟದ ಟೇಪು

ನನ್ನ ಚಿಕ್ಕಮ್ಮನನ್ನು ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಗೋಂದು ಎಂದು. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು. ಅದು ಶಾಲೆಯ ಹಾಜರಿಗೆ, ಆಮೇಲೆ ಸಂಬಳದ ಚೀಟಿಗೆ ಮಾತ್ರ ಬಳಕೆಯಾಯಿತು. ನಡೆಯಲು ಕಲಿತಾಗಿನಿಂದ ಅವಳು ನನ್ನ ಅಮ್ಮನಿಗೆ ಅಂಟಿಕೊಂಡೇ ಬೆಳೆದಳಂತೆ. ಅಮ್ಮ ಗೆಳತಿಯ ಮನೆಗೆ ಹೊರಟರೆ ಇವಳೂ ಚಪ್ಪಲಿ ಹುಡುಕುತ್ತಿದ್ದಳು. ಅಮ್ಮನಿಗೆ ಜ್ವರ ಬಂದರೆ ಇವಳೂ ಹೊದ್ದು ಮಲಗುತ್ತಿದ್ದಳು. ಬಿಡಿಸಿಕೊಳ್ಳಲು ನೋಡಿ ನೋಡಿ ಸಾಕಾಗಿ ಅಮ್ಮನೇ ಒಂದು ದಿನ ಸಿಟ್ಟಿನಲ್ಲಿ ಇಟ್ಟ ಹೆಸರು ಅದು. ಬೈಗುಳವಾಗಿ ಹುಟ್ಟಿ ಮುದ್ದಿನ ಹೆಸರಾಗಿ ಉಳಿದುಕೊಂಡಿತು.

ದೊಡ್ಡವಳಾದ ಮೇಲೂ ಚಿಕ್ಕಮ್ಮ ಬಹಳ ದೂರವೇನೂ ಹೋಗಲಿಲ್ಲ. ನಾವಿದ್ದ ಕಟ್ಟಡದಲ್ಲೇ, ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ ಹಿಡಿದಳು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ ಬಿಡುವಾಗಲಿಲ್ಲ ಅನ್ನುತ್ತಿದ್ದಳು. ಅವಳಿಗೆ ಕೆಲಸ ಇದ್ದದ್ದು ಪೇಟೆಯ ದೊಡ್ಡ ಅಂಗಡಿಯೊಂದರಲ್ಲಿ, ಉಡುಗೊರೆಗಳಿಗೆ ಕಾಗದ ಸುತ್ತಿ ಕೊಡುವ ಕೌಂಟರಿನಲ್ಲಿ. ಹೂಜಿ, ಛತ್ರಿ, ಮೂರು ಕಾಲಿನ ಸ್ಟೂಲು, ಏನನ್ನೇ ತಂದಿಟ್ಟರೂ ಅವಳ ಕೈಯಲ್ಲಿ ಅದು ಮೂಲೆ ಮೂಲೆಯೂ ಚೂಪಾದ ಅಚ್ಚುಕಟ್ಟಾದ ಪೊಟ್ಟಣವಾಗಿ ಬಿಡುತ್ತಿತ್ತು. ಒಮ್ಮೆ ಯಾರೋ ಸೈಕಲ್ಲನ್ನೇ ತಂದು ನಿಲ್ಲಿಸಿದರಂತೆ. ಅದನ್ನೂ ಸುತ್ತಿ ಕಳಿಸಿದಳು. ಅಂಗಡಿಯ ಮೇಲ್ವಿಚಾರಕರು ಬಂದು ನೋಡಿ, ಇನ್ನು ಸೈಕಲ್ಲಿನವರಿಗೆಲ್ಲ ಇದೇ ಅಭ್ಯಾಸವಾಗುತ್ತದೆ ಎಂದು ಗೊಣಗಿಕೊಂಡು ಹೋದರಂತೆ.

ಅಮ್ಮನದು ಇನ್ನೊಂದು ಬಗೆಯ ಕೈಕೆಲಸ. ಅವಳು ಫೋಟೋ ಸ್ಟುಡಿಯೋ ಒಂದರ ಹಿಂಬದಿಯ ಕೋಣೆಯಲ್ಲಿ ದುಡಿಯುತ್ತಿದ್ದಳು. ತೊಳೆದು ಒಣಗಿದ ಫೋಟೋಗಳ ಅಂಚು ಕತ್ತರಿಸುವುದು, ಧೂಳಿನಿಂದ ಬಿದ್ದ ಬಿಳಿ ಚುಕ್ಕೆಗಳನ್ನು ಕೂದಲೆಳೆಯಂಥ ಕುಂಚದಿಂದ ಮುಚ್ಚುವುದು ಅವಳ ಕೆಲಸ. ಯಾರದೋ ಕೆನ್ನೆಯ ಮೇಲಿನ ಚುಕ್ಕೆಯನ್ನು ಮಚ್ಚೆಯೋ ಧೂಳೋ ಎಂದು ಒಂದೇ ನೋಟಕ್ಕೆ ಹೇಳುತ್ತಿದ್ದಳು. ಮನೆಯ ಫೋಟೋಗಳ ಆಲ್ಬಮ್ಮುಗಳ ಮೇಲೂ ಅವಳದೇ ಆಳ್ವಿಕೆ. ಗೋಡೆಯ ಉದ್ದಕ್ಕೂ ಒಂದು ಕಪಾಟು, ಅದರ ತುಂಬ ಆಲ್ಬಮ್ಮುಗಳು. ಯಾವ ಫೋಟೋ ಯಾವ ಪುಟದಲ್ಲಿದೆ ಎಂಬುದು ಅವಳಿಗೆ ಬಾಯಿಪಾಠ. ಬೇರೆ ಯಾರಾದರೂ ತೆಗೆದು ನೋಡಬೇಕೆಂದರೆ ಮೊದಲು ಕೈ ತೊಳೆದು ಬರಬೇಕಿತ್ತು.

ಅಂಥ ಅಮ್ಮನ ಕಣ್ಣು ಹೋಯಿತು.

ಒಮ್ಮೆಲೇ ಹೋಗಲಿಲ್ಲ. ಮೊದಲು ಅಕ್ಕಪಕ್ಕದ್ದು ಕಾಣದಾಯಿತು. ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಿದ್ದಳು. ಮೇಜಿನ ಮೇಲೆ ಪಕ್ಕದಲ್ಲೇ ಇಟ್ಟ ಲೋಟವನ್ನು ಕೈತಾಗಿ ಬೀಳಿಸುತ್ತಿದ್ದಳು. ಸಂಜೆಯಾದರೆ ಮೆಟ್ಟಿಲು ಇಳಿಯಲು ಹೆದರುತ್ತಿದ್ದಳು. ಇದು ಕಣ್ಣಿನ ಒಳಪರದೆಯ ಕಾಯಿಲೆ, ತಡೆಯುವ ಮದ್ದಿಲ್ಲ ಎಂದು ವೈದ್ಯರು ಸಮಾಧಾನವಾಗಿ, ಆದರೆ ಮುಚ್ಚುಮರೆ ಇಲ್ಲದೆ ಹೇಳಿದರು. ಅದಾದ ಮೇಲೂ ಅಮ್ಮ ಸ್ಟುಡಿಯೋಗೆ ಹೋಗುತ್ತಲೇ ಇದ್ದಳು. ತಾನು ಬಿಟ್ಟ ಚುಕ್ಕೆಗಳನ್ನು ಸ್ಟುಡಿಯೋ ಮಾಲೀಕರು ಬಾಯಿ ಬಿಡದೆ ತಾವೇ ಕೂತು ಸರಿಪಡಿಸುತ್ತಿದ್ದಾರೆ ಎಂದು ಗೊತ್ತಾದ ಮರುದಿನವೇ ಕುಂಚಗಳನ್ನು ತೊಳೆದು ಒರೆಸಿಟ್ಟು ಕೆಲಸ ಬಿಟ್ಟು ಬಂದಳು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಒಂದು ವಾರ ಅವಳು ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ, ಅಷ್ಟೇ. ಆಮೇಲಿನ ಕೆಲವು ವರ್ಷಗಳಲ್ಲಿ ಕಿಟಕಿ ಯಾವ ಕಡೆ ಇದೆ ಎಂದು ತಿಳಿಯುವಷ್ಟು ಬೆಳಕು ಬಿಟ್ಟು ಬೇರೇನೂ ಉಳಿಯಲಿಲ್ಲ.

ಮನೆಯ ಕೆಲಸವನ್ನೆಲ್ಲ ಅಮ್ಮ ಬೇಗ ಹತೋಟಿಗೆ ತಂದುಕೊಂಡಳು. ಒಲೆ, ಚಾಕು, ಬಟ್ಟೆ ಯಾವುದಕ್ಕೂ ಹೆದರಲಿಲ್ಲ. ಆದರೆ ಆ ಕಪಾಟಿನ ಹತ್ತಿರ ಮಾತ್ರ ಸುಳಿಯಲಿಲ್ಲ. ಒಂದು ದಿನ ಅಪ್ಪನಿಗೆ, ಆಲ್ಬಮ್ಮುಗಳನ್ನೆಲ್ಲ ಅಟ್ಟಕ್ಕೆ ಹಾಕಿ, ಅಲ್ಲಿ ಪಾತ್ರೆ ಇಡೋಣ ಎಂದು ಕಡ್ಡಿ ಮುರಿದಂತೆ ಹೇಳಿದಳು. ಅಪ್ಪ ಏನೋ ಹೇಳಲು ಹೋಗಿ, ಅವಳ ಮುಖ ನೋಡಿ, ಏಣಿ ತಂದರು. ಆ ಸಂಜೆ ಕೆಲಸ ಮುಗಿಸಿ ಬಂದ ಚಿಕ್ಕಮ್ಮ ಖಾಲಿ ಕಪಾಟನ್ನು ನೋಡಿ ಅದೇ ಏಣಿ ಹತ್ತಿ ಮೂರು ಆಲ್ಬಮ್ಮುಗಳನ್ನು ಇಳಿಸಿಕೊಂಡು ತನ್ನ ಕೋಣೆಗೆ ಒಯ್ದಳು.

ಮೊದಮೊದಲು ಅವಳು ಮಾಡಿದ್ದು ಯಾರಾದರೂ ಮಾಡುವಂಥದ್ದೇ. ಅಮ್ಮನ ಎದುರು ಕೂತು ಒಂದೊಂದು ಫೋಟೋವನ್ನೂ ವರ್ಣಿಸತೊಡಗಿದಳು. ಇದರಲ್ಲಿ ನೀನು ನಗುತ್ತಿದ್ದೀಯ, ಹಿಂದೆ ಒಂದು ಮರ ಇದೆ, ಹೀಗೆ. ಅಮ್ಮ ಸ್ವಲ್ಪ ಹೊತ್ತು ಸಹಿಸಿಕೊಂಡಳು.

"ನಾನೇ ಕತ್ತರಿಸಿ ನಾನೇ ಅಂಟಿಸಿದ ಫೋಟೋಗಳನ್ನ ನನಗೇ ಪಾಠ ಹೇಳ್ತೀಯಾ ಗೋಂದು? ಮುಚ್ಚಿಡು ಅದನ್ನ" ಅಂದಳು.

ಚಿಕ್ಕಮ್ಮ ಮುಚ್ಚಿಟ್ಟಳು. ಆದರೆ ಸೋತು ಕೂರುವುದು ಅವಳ ಜಾಯಮಾನವಲ್ಲ. ಕೈಗೆ ಸಿಗುವ ಹಾಗೆ ಮಾಡಿದರೆ ಆದೀತೆಂದು ಗುಂಡಿ, ಬಟ್ಟೆಯ ಚೂರು, ದಾರ, ಬೆಂಕಿಕಡ್ಡಿ ಎಲ್ಲ ಕಲೆಹಾಕಿ ದಪ್ಪ ರಟ್ಟಿನ ಮೇಲೆ ಒಂದು ಫೋಟೋದಲ್ಲಿದ್ದ ಮನೆಯನ್ನೇ ಅಂಟಿಸಿ ತಂದಳು. ಅಂಟಿನ ತೇವಕ್ಕೆ ರಟ್ಟು ಹಪ್ಪಳದಂತೆ ಸೊಟ್ಟಗಾಗಿತ್ತು. ಅಮ್ಮ ಅದರ ಮೇಲೆ ಕೈಯಾಡಿಸಿ, ಇದೇನು ದರ್ಜಿ ಅಂಗಡಿಯ ಕಸದ ಬುಟ್ಟಿಯಾ ಎಂದು ಕೇಳಿದಳು. ಅಷ್ಟರ ಮೇಲೆ ಬಾಗಿಲು ಎಡಕ್ಕಿರಲಿಲ್ಲ, ಬಲಕ್ಕಿತ್ತು ಎಂದು ತಪ್ಪು ಬೇರೆ ಹಿಡಿದಳು. ಬಾಗಿಲನ್ನು ಬಲಕ್ಕೆ ತರಲು ಚಿಕ್ಕಮ್ಮ ಕಿತ್ತರೆ ರಟ್ಟಿನ ಸಿಪ್ಪೆಯೇ ಎದ್ದು ಬಂತು. ಇಬ್ಬರಿಗೂ ಬೇಸರವಾಯಿತು. ಅದನ್ನು ಅಲ್ಲಿಗೇ ಬಿಟ್ಟರು.

ಆ ಹೊತ್ತಿಗೇ ಅಂಗಡಿಗೆ ಒಂದು ಪೆಟ್ಟಿಗೆ ತುಂಬ ಬಣ್ಣಬಣ್ಣದ ಕಾಗದದ ಟೇಪು ಬಂದಿತ್ತು. ತೆಳ್ಳಗಿನ ಕಾಗದದ ಮೇಲೆ ಗೆರೆ, ಚುಕ್ಕೆ, ಎಲೆ, ಮೋಡ, ಮೀನು ಅಚ್ಚಾದ ಪುಟ್ಟ ಪುಟ್ಟ ಸುರುಳಿಗಳು. ನೋಡಲು ಕಣ್ಣಿಗೆ ಹಬ್ಬ. ಆದರೆ ಪೊಟ್ಟಣ ಕಟ್ಟುವ ಕೆಲಸಕ್ಕೆ ಬಾರದು. ಒಂದು ಚೂರು ಎಳೆದರೆ ಬಿಟ್ಟುಕೊಳ್ಳುತ್ತಿತ್ತು. ಉಡುಗೊರೆ ದಾರಿಯಲ್ಲೇ ಬಾಯಿ ಬಿಟ್ಟಿತೆಂದು ಗಿರಾಕಿಗಳು ಜಗಳಕ್ಕೆ ಬಂದರು. ಅಂಟದ ಟೇಪು ಯಾರಿಗೆ ಬೇಕು, ಎಸೆದುಬಿಡಿ ಎಂದರು ಮೇಲ್ವಿಚಾರಕರು. ಎಸೆಯುವ ಮೊದಲು ನನ್ನನ್ನು ಕೇಳಬಾರದೇ ಎಂದು ಚಿಕ್ಕಮ್ಮ ಪೆಟ್ಟಿಗೆಯನ್ನು ಹೊತ್ತುಕೊಂಡು ಮನೆಗೆ ಬಂದಳು. ಅದು ಯಾವುದಕ್ಕೆ ಎಂದು ಅವಳಿಗೂ ಗೊತ್ತಿರಲಿಲ್ಲ. ಚಂದ ಇದೆ ಎಂಬುದಷ್ಟೇ ಕಾರಣ.

ಒಂದು ಭಾನುವಾರ ಅವಳು ನಮ್ಮ ಊಟದ ಮೇಜಿನ ಮೇಲೆ ಜೊತೆಯ ಕೆಲಸಗಾರ್ತಿಯೊಬ್ಬಳಿಗೆ ಕೊಡಲು ಒಂದು ಪುಟ್ಟ ಪೆಟ್ಟಿಗೆಯನ್ನು ಸುತ್ತುತ್ತಿದ್ದಳು. ಅಂದಕ್ಕೆಂದು ಆ ಟೇಪಿನ ಪಟ್ಟಿಗಳನ್ನು ಮೇಲೆ ಹಚ್ಚಿದ್ದಳು. ಟೀ ಲೋಟಕ್ಕೆ ಚಾಚಿದ ಅಮ್ಮನ ಕೈ ಪೆಟ್ಟಿಗೆಯ ಮೇಲೆ ಬಿತ್ತು. ಬೆರಳು ಮುಂದಕ್ಕೆ ಜಾರಿ, ಒಂದು ಕಡೆ ನಿಂತಿತು.

"ಇಲ್ಲಿ ಏನೋ ಗೆರೆ ಇದೆ."

"ಟೇಪು" ಅಂದಳು ಚಿಕ್ಕಮ್ಮ.

ಅಮ್ಮ ಉಗುರಿನಿಂದ ಗೆರೆಯನ್ನೇ ಹಿಡಿದು ಹೋದಳು. "ಇಲ್ಲೊಂದು ಅಡ್ಡ ಬಂತು. ಒಂದರ ಮೇಲೊಂದು ಹಾಕಿದೀಯಾ?"

"ಹೂಂ."

"ಗೊತ್ತಾಗತ್ತೆ" ಎಂದು ಅಮ್ಮ ಟೀ ಲೋಟ ಹುಡುಕಿಕೊಂಡು ಕುಡಿಯತೊಡಗಿದಳು.

ಚಿಕ್ಕಮ್ಮ ಕೈಯಲ್ಲಿದ್ದ ಸುರುಳಿಯನ್ನು ಹಾಗೇ ಹಿಡಿದು ಕೂತಿದ್ದು ನನಗೆ ನೆನಪಿದೆ. ಆ ಉಡುಗೊರೆ ಆಮೇಲೆ ಪೂರ್ತಿಯಾಗಲೇ ಇಲ್ಲ. ಅರ್ಧ ಸುತ್ತಿದ ಪೆಟ್ಟಿಗೆಯನ್ನೇ ಜೊತೆಯವಳಿಗೆ ಕೊಟ್ಟಳಂತೆ.

ಆ ವಾರ ಅವಳ ಕೋಣೆಯ ಮೇಜು, ಹಾಸಿಗೆ, ಕಿಟಕಿಯ ಕಟ್ಟೆಯ ಮೇಲೆಲ್ಲ ಟೇಪಿನ ತುಣುಕುಗಳು. ಕಣ್ಣು ಮುಚ್ಚಿಕೊಂಡು ಬೆರಳಾಡಿಸುವುದು, ತಲೆ ಅಲ್ಲಾಡಿಸುವುದು, ಮತ್ತೆ ಹಚ್ಚುವುದು. ನಾನು ಹೋದಾಗಲೆಲ್ಲ ನನ್ನ ಕಣ್ಣೂ ಮುಚ್ಚಿಸಿ, ಇದೇನು ಹೇಳು ನೋಡೋಣ ಎಂದು ಪರೀಕ್ಷೆ ಮಾಡುತ್ತಿದ್ದಳು. ಒಂದು ಪದರ ಹಚ್ಚಿದರೆ ಬೆರಳು ಹಾದುಹೋಗುತ್ತಿತ್ತು. ಒಂದರ ಮೇಲೊಂದು ಪೇರಿಸಿದಂತೆ ಗೆರೆ ಎದ್ದು ನಿಲ್ಲುತ್ತಿತ್ತು. ಇನ್ನೂ ಪೇರಿಸಿದರೆ ಗೋಡೆ. ಕತ್ತರಿಯಿಂದ ಕತ್ತರಿಸಿದ ಅಂಚು ಬೆರಳಿಗೆ ಚುರುಕಾಗಿ ಸಿಗುತ್ತದೆ, ಅದು ಕಿಟಕಿಗೆ, ಮೇಜಿಗೆ ಸರಿ. ಕೈಯಿಂದ ಹರಿದ ಅಂಚು ಮೆತ್ತಗೆ, ನವಿರಾಗಿ ಇರುತ್ತದೆ, ಅದು ಬೆಟ್ಟಕ್ಕೆ, ಮೋಡಕ್ಕೆ, ಕೂದಲಿಗೆ. ಪಟ್ಟಿಯನ್ನು ಬೆರಳ ನಡುವೆ ಹೊಸೆದರೆ ದಾರವಾಗುತ್ತದೆ, ಅದರಿಂದ ಜಡೆ ಮಾಡಬಹುದು, ಬಟ್ಟೆ ಒಣಹಾಕುವ ಹಗ್ಗ ಮಾಡಬಹುದು. ತುದಿಯನ್ನು ಮಾತ್ರ ಅಂಟಿಸಿ ಉಳಿದದ್ದನ್ನು ತನ್ನ ಮೇಲೇ ಮಡಿಚಿದರೆ ಎಲೆಯಂತೆ, ಹಕ್ಕಿಯ ರೆಕ್ಕೆಯಂತೆ ಅಲುಗಾಡುತ್ತದೆ. ಹೊಳಪಿನ ಟೇಪು ನುಣ್ಣಗೆ ಜಾರುವುದರಿಂದ ನೀರಾಯಿತು. ಮಿನುಗುಪುಡಿ ಮೆತ್ತಿದ್ದು ಒರಟಾಗಿದ್ದುದರಿಂದ ಮರಳಾಯಿತು. ಪುಟದ ಅಂಚಿಗೆ ಮಡಿಚಿ ಹಚ್ಚಿದ ತುಂಡು ಹೊರಗೆ ನಾಲಿಗೆಯಂತೆ ಚಾಚಿಕೊಂಡು, ಬೇಕಾದ ಪುಟ ಹುಡುಕಲು ಗುರುತಾಯಿತು.

ಇದಿಷ್ಟರಲ್ಲಿ ನನಗೆ ಈಗಲೂ ಬೆರಗೆನಿಸುವುದು ಅವಳು ಫೋಟೋವನ್ನು ಕೂರಿಸಿದ ಬಗೆ. ಫೋಟೋದ ಮೇಲಂಚಿಗೆ ಮಾತ್ರ ಟೇಪು ಹಚ್ಚಿ ಪುಟಕ್ಕೆ ಸೇರಿಸಿದಳು. ಕದ ತೆರೆದಂತೆ ಫೋಟೋ ಮೇಲಕ್ಕೆ ಏಳುತ್ತಿತ್ತು. ಅದರ ಕೆಳಗೆ ಅದೇ ದೃಶ್ಯ, ಟೇಪಿನಲ್ಲಿ. ಕಣ್ಣಿದ್ದವರು ಮೇಲಿನದನ್ನು ನೋಡಬಹುದು, ಅಮ್ಮ ಕದ ತೆರೆದು ಒಳಗಿನದನ್ನು ಮುಟ್ಟಬಹುದು. ಒಂದೇ ಪುಟವನ್ನು ಎಲ್ಲರೂ ಒಟ್ಟಿಗೆ ಕೂತು ನೋಡಬಹುದು.

ಬಣ್ಣಗಳನ್ನೂ ಅವಳು ಫೋಟೋ ಪಕ್ಕ ಹಿಡಿದು ಹೊಂದಿಸುತ್ತಿದ್ದಳು. ಕಾಣದವಳಿಗೆ ಬಣ್ಣ ಯಾವುದಾದರೇನು ಎಂದು ಅಪ್ಪ ಮೆಲ್ಲಗೆ ಕೇಳಿದ್ದರು. "ಅಕ್ಕ ಬಣ್ಣ ಕೇಳ್ತಾಳೆ ಭಾವ. ಸುಳ್ಳು ಹೇಳಕ್ಕಾಗಲ್ಲ" ಅಂದಿದ್ದಳು ಚಿಕ್ಕಮ್ಮ.

ಮೊದಲ ಪುಟಕ್ಕೆ ಅವಳು ಆರಿಸಿಕೊಂಡದ್ದು ಇಬ್ಬರೂ ಚಿಕ್ಕವರಿದ್ದಾಗಿನ ಫೋಟೋ. ನದಿದಂಡೆಯ ಮೋಟುಗೋಡೆಯ ಮೇಲೆ ಇಬ್ಬರೂ ಫ್ರಾಕು ತೊಟ್ಟು ಕೂತಿದ್ದಾರೆ. ಅಮ್ಮ ಕ್ಯಾಮೆರಾ ನೋಡುತ್ತಿದ್ದಾಳೆ, ಚಿಕ್ಕಮ್ಮ ಅಮ್ಮನನ್ನು ನೋಡುತ್ತಿದ್ದಾಳೆ. ಪುಟವನ್ನು ತಂದು ಅಮ್ಮನ ಮುಂದಿಟ್ಟು, ಕೈ ಹಿಡಿದು ಕದ ತೋರಿಸಿ, ಚಿಕ್ಕಮ್ಮ ಹಿಂದೆ ಸರಿದು ನಿಂತಳು. ನನಗೂ ಸುಮ್ಮನಿರಲು ಸನ್ನೆ ಮಾಡಿದಳು.

ಅಮ್ಮ ಮೊದಲು ಒಲ್ಲದ ಮನಸ್ಸಿನಿಂದಲೇ ಬೆರಳಿಟ್ಟಳು. ಹೊಳಪಿನ ನೀರಿನ ಮೇಲೆ ಬೆರಳು ಜಾರಿತು. ಮೇಲೆ ಹೋದಾಗ ಇಟ್ಟಿಗೆ ಇಟ್ಟಿಗೆಯಾಗಿ ಪೇರಿಸಿದ ಗೋಡೆ ಸಿಕ್ಕಿತು. ಅದರ ಮೇಲೆ ಎರಡು ಆಕಾರ. ಒಂದರ ತಲೆಯಿಂದ ಹೊಸೆದ ಜಡೆ ಇಳಿಬಿದ್ದಿತ್ತು. ಅಮ್ಮ ಆ ಜಡೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಳು. ತುಂಬ ಹೊತ್ತು ಬಿಡಲಿಲ್ಲ. ಆಮೇಲೆ ಕೈ ಕೆಳಗಿಳಿಯಿತು.

"ಗೋಡೆ ಇಷ್ಟು ಎತ್ತರ ಇರ್ಲಿಲ್ಲ" ಅಂದಳು. "ಕಾಲು ನೆಲಕ್ಕೆ ತಾಗ್ತಿತ್ತು."

"ನಿನ್ನದು ತಾಗ್ತಿತ್ತು. ನನ್ನದೆಲ್ಲಿ ತಾಗ್ತಿತ್ತು?"

"ಫೋಟೋ ನೋಡು ಮತ್ತೆ."

ಚಿಕ್ಕಮ್ಮ ಬಗ್ಗಿ ನೋಡಿದಳು. ಅಮ್ಮನ ಬೂಟಿನ ತುದಿ ನೆಲ ಮುಟ್ಟಿತ್ತು. ಚಿಕ್ಕಮ್ಮನದು ಗಾಳಿಯಲ್ಲಿ ತೂಗುತ್ತಿತ್ತು. ಇಬ್ಬರು ಹೇಳಿದ್ದೂ ನಿಜವೇ. ಅವಳು ಗೋಡೆಯ ಕೆಳಗಿನ ಸಾಲಿಗೆ ಉಗುರು ಕೊಟ್ಟು ಎಳೆದಳು. ಸದ್ದು ಕೇಳಿ ಅಮ್ಮ ಗಾಬರಿಯಾದಳು.

"ಹರಿದು ಹೋಯ್ತಾ?"

"ಇಲ್ಲ. ಇದು ಬೇಕಂದ್ರೆ ಇರತ್ತೆ, ಬೇಡ ಅಂದ್ರೆ ಬಿಡತ್ತೆ. ಇನ್ನೇನು ತಪ್ಪಿದೆ ಹೇಳು."

ಹಾಗೆ ಕೇಳಿದ್ದೇ ತಡ, ಅಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ತಪ್ಪುಗಳಿಗೇನು ಬರ. ನನ್ನ ಕುತ್ತಿಗೆ ಇಷ್ಟು ಗಿಡ್ಡ ಇತ್ತಾ, ನದಿ ಇಷ್ಟು ಹತ್ತಿರ ಎಲ್ಲಿತ್ತು, ಇಲ್ಲಿ ಬರೀ ಗಲಾಟೆ, ಎರಡು ಗೆರೆ ತೆಗಿ. ಚಿಕ್ಕಮ್ಮ ತೆಗೆದಳು, ಹಚ್ಚಿದಳು, ವಾದಿಸಿದಳು, ಮತ್ತೆ ತೆಗೆದಳು. ಆ ಪುಟ ಮುಗಿಯುವ ಹೊತ್ತಿಗೆ ಮಧ್ಯಾಹ್ನದ ಅಡುಗೆ ಆಗಿರಲಿಲ್ಲ. ಅಪ್ಪ ಬ್ರೆಡ್ಡು ತಂದು ಎಲ್ಲರಿಗೂ ಹಂಚಿ, ತಾವೂ ಒಂದು ಚೂರು ಹಿಡಿದು ಬಾಗಿಲಲ್ಲಿ ನಿಂತು ನೋಡಿದರು. ಸ್ಟುಡಿಯೋ ಬಿಟ್ಟ ಮೇಲೆ ಅಮ್ಮ ಅಷ್ಟು ಮಾತಾಡಿದ್ದನ್ನು ನಾವು ಕೇಳಿರಲಿಲ್ಲ.

ಅಲ್ಲಿಂದ ಮುಂದೆ ಸಂಜೆಗಳೆಲ್ಲ ಅದಕ್ಕೇ ಮೀಸಲಾದವು. ಚಿಕ್ಕಮ್ಮ ಅಂಗಡಿಯಿಂದ ಬಂದು ಮುಖ ತೊಳೆಯುವಷ್ಟರಲ್ಲಿ ಅಮ್ಮ ಮೇಜು ಒರೆಸಿ, ಸುರುಳಿಗಳನ್ನು ಅಗಲದ ಪ್ರಕಾರ ಜೋಡಿಸಿ ಕಾಯುತ್ತಿದ್ದಳು. ಯಾವುದು ಬೇಕು, ಯಾವುದು ಬೇಡ ಎಂಬ ಅಮ್ಮನ ಹಳೆಯ ಅರಿವೆಲ್ಲ ಈಗ ಬೆರಳಿಗೆ ಇಳಿದಿತ್ತು. ಫೋಟೋದಲ್ಲಿರುವುದನ್ನೆಲ್ಲ ತುಂಬಬಾರದು, ಮುಖ್ಯವಾದದ್ದು ಒಂದೆರಡು ಸಾಕು, ಸುತ್ತ ಖಾಲಿ ಬಿಟ್ಟರೆ ಕೈ ದಾರಿ ತಪ್ಪುವುದಿಲ್ಲ ಎಂದು ಅವಳೇ ಕಂಡುಕೊಂಡದ್ದು. ಗೆರೆ ಗೆರೆಯ ಟೇಪನ್ನು ಚಾಪೆಯಂತೆ ಹೆಣೆದು ನೆಲ ಮಾಡಿದ್ದು ಚಿಕ್ಕಮ್ಮ. ಆ ನೆಲವನ್ನು ಪುಟದ ಅರ್ಧಕ್ಕೇ ನಿಲ್ಲಿಸಲು ಹೇಳಿದ್ದು ಅಮ್ಮ. ಅಟ್ಟದಿಂದ ಆಲ್ಬಮ್ಮುಗಳು ಒಂದೊಂದಾಗಿ ಇಳಿದು ಬಂದವು. ಪಾತ್ರೆಗಳು ಮತ್ತೆ ಅಡುಗೆಮನೆ ಸೇರಿದವು.

ನಡುವೆ ಒಂದು ಪೆಟ್ಟೂ ಬಿತ್ತು. ಆ ವರ್ಷ ಬಿಸಿಲು ಜೋರಾಗಿತ್ತು. ಕಪಾಟಿನ ಪಕ್ಕದ ಕಿಟಕಿಯಿಂದ ಸೆಕೆ ನುಗ್ಗುತ್ತಿತ್ತು. ಒಂದು ಸಂಜೆ ಚಿಕ್ಕಮ್ಮ ಹೊಸ ಆಲ್ಬಮ್ ತೆರೆದರೆ ಪುಟ ಪುಟದಲ್ಲೂ ಟೇಪಿನ ತುದಿಗಳು ಎದ್ದು ಮುರುಟಿಕೊಂಡಿದ್ದವು. ಗೋಡೆಗಳು ಬಾಗಿದ್ದವು, ಜಡೆ ಉದುರಿತ್ತು. ಅಮ್ಮ ದಿನಾ ಸವರಿ ಸವರಿ ಕೆಲವು ಕಡೆ ಕಾಗದವೇ ಸವೆದಿತ್ತು. ಚಿಕ್ಕಮ್ಮ ಕುರ್ಚಿಯಲ್ಲಿ ಕುಸಿದು ಕೂತಳು. ಅವಳು ಸೋತ ಮುಖ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಏನಾಯಿತೆಂದು ಅಮ್ಮ ಕೇಳಿದಳು. ಅಮ್ಮನೇ ಪುಟ ಎಳೆದುಕೊಂಡು ಸವರಿದಳು. ಎಲ್ಲ ಅರ್ಥವಾಯಿತು.

ಅವಳು ಸಮಾಧಾನದ ಮಾತೇನೂ ಆಡಲಿಲ್ಲ. ಸ್ಟುಡಿಯೋದಲ್ಲಿ ಫೋಟೋದ ಮೂಲೆ ಎದ್ದರೆ ನಾವು ಚಮಚದ ಬೆನ್ನಿನಿಂದ ಉಜ್ಜುತ್ತಿದ್ದೆವು ಎಂದಷ್ಟೇ ಹೇಳಿ ಅಡುಗೆಮನೆಗೆ ಹೋಗಿ ಚಮಚ ತಂದುಕೊಟ್ಟಳು. ಉಜ್ಜಿ ನೋಡಿದಾಗ ಅರ್ಧ ಕೂತವು, ಅರ್ಧ ಕೂರಲಿಲ್ಲ. ಆಗ ಚಿಕ್ಕಮ್ಮನಿಗೆ ತನ್ನ ಕೌಂಟರಿನ ಕೆಲಸ ನೆನಪಾಯಿತು. ಪೊಟ್ಟಣದ ಕಾಗದದ ತುದಿಯನ್ನು ಅವಳು ಎಂದೂ ಹೊರಗೆ ಬಿಟ್ಟವಳಲ್ಲ, ಯಾವಾಗಲೂ ಒಳಗೆ ಮಡಿಚುತ್ತಿದ್ದಳು. ಇಲ್ಲೂ ಉದ್ದನೆಯ ಪಟ್ಟಿಗಳನ್ನು ಪುಟದ ಅಂಚು ದಾಟಿಸಿ ಹಿಂಬದಿಗೆ ಮಡಿಚಿದಳು. ನಡುವೆ ನಿಲ್ಲುವ ತುದಿಗಳನ್ನು ಇನ್ನೊಂದು ಪಟ್ಟಿಯ ಅಡಿಗೆ ಸೇರಿಸಿದಳು. ಹಾಗೆ ಮಾಡಲಾಗದ ಕಡೆ ತುದಿಗೆ ಮಾತ್ರ ಸೂಜಿಮೊನೆಯಷ್ಟು ಅಂಟು ತಾಗಿಸಿದಳು. ಒಂದಿಡೀ ಆಲ್ಬಮ್ಮನ್ನು ಬಿಚ್ಚಿ ಕಟ್ಟಿದ್ದಾಯಿತು. ಎರಡನೆಯ ಸಲದ ಕೆಲಸ ಮೊದಲಿಗಿಂತ ಚೊಕ್ಕವಾಗಿತ್ತು ಎಂದು ಅಮ್ಮನೇ ಒಪ್ಪಿಕೊಂಡಳು. ಅವಳ ಬಾಯಿಂದ ಅಂಥ ಮಾತು ಉದುರುವುದು ಅಪರೂಪ.

ಇನ್ನು ನನ್ನ ವಿಷಯ. ಅಮ್ಮನ ಕಣ್ಣು ಹೋದ ಮೇಲೆ ನಾನು ಬಸ್ಸು ನಡೆಸುವ ಕೆಲಸಕ್ಕೆ ಸೇರಿದೆ. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವ ಉದ್ದನೆಯ ಬಸ್ಸು. ಅಮ್ಮನಿಗೆ ನಾನು ಬಸ್ಸು ಓಡಿಸುತ್ತೇನೆ ಎಂದು ಗೊತ್ತು, ಯಾವ ಪಾಳಿ ಎಂದು ಗೊತ್ತು, ಡಬ್ಬಿಗೆ ಏನು ಹಾಕಬೇಕೆಂದು ಗೊತ್ತು. ಅದಕ್ಕಿಂತ ಹೆಚ್ಚಿಗೆ ಅವಳು ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಒಂದು ಬಗೆಯ ಸುಮ್ಮನಿರುವಿಕೆ ಬೆಳೆದುಬಿಟ್ಟಿತ್ತು. ಅವಳ ಮನಸ್ಸಿನಲ್ಲಿದ್ದ ನಾನು ಶಾಲೆಗೆ ಹೋಗುವ ಹುಡುಗಿ. ಅದಾದ ಮೇಲಿನ ಮುಖವನ್ನು ಅವಳು ಕಂಡಿರಲಿಲ್ಲ.

ಚಿಕ್ಕಮ್ಮ ಇದನ್ನು ಗಮನಿಸಿದ್ದಳೆಂದು ನನಗೆ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಅವರು ಮಾಡಿದ ಪುಟಗಳೆಲ್ಲ ಅಮ್ಮ ಕಣ್ಣಾರೆ ಕಂಡ ಫೋಟೋಗಳವು. ನೆನಪು ಅರ್ಧ ಕೆಲಸ ಮಾಡುತ್ತಿತ್ತು, ಬೆರಳು ಇನ್ನರ್ಧ. ಕಾಣದೇ ಇದ್ದದ್ದನ್ನು ತೋರಿಸಲು ಆದೀತೇ ಎಂಬುದು ಚಿಕ್ಕಮ್ಮನ ತಲೆ ಕೊರೆಯುತ್ತಿತ್ತಂತೆ. ಡಿಪೋದಲ್ಲಿ ಜೊತೆಯ ಚಾಲಕರೊಬ್ಬರು ತೆಗೆದ ನನ್ನ ಫೋಟೋ ಒಂದಿತ್ತು. ಸಮವಸ್ತ್ರ ತೊಟ್ಟು ಬಸ್ಸಿನ ಮುಂದಿನ ಚಕ್ರದ ಪಕ್ಕ ನಿಂತಿದ್ದೇನೆ. ಚಿಕ್ಕಮ್ಮ ಅದನ್ನು ನನ್ನಿಂದ ಕೇಳಿ ಪಡೆದಳು. ಈ ಸಲ ಅಮ್ಮನ ಸಲಹೆ ಕೇಳಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಕೂತಳು.

ಪುಟ ಬಂದಾಗ ಅದು ಒಂದಲ್ಲ, ಮೂರು ಪುಟಗಳನ್ನು ಟೇಪಿನಿಂದ ಪಕ್ಕಪಕ್ಕಕ್ಕೆ ಸೇರಿಸಿದ ಮಡಿಕೆ. ಬಿಚ್ಚಿದರೆ ಮೇಜಿನಷ್ಟಗಲ. ಅದರ ಉದ್ದಕ್ಕೂ ಬಸ್ಸು. ಅಗಲವಾದ ಟೇಪಿನ ಮೈ, ಸಾಲು ಕಿಟಕಿಗಳು, ಪದರ ಪದರವಾಗಿ ಎದ್ದ ಚಕ್ರಗಳು, ಮಡಿಚಿ ತೆರೆಯಬಹುದಾದ ಪುಟ್ಟ ಬಾಗಿಲು. ಮುಂದಿನ ಚಕ್ರದ ಪಕ್ಕ, ಹೆಬ್ಬೆರಳಿನಷ್ಟೆತ್ತರದ ಒಂದು ಆಕೃತಿ.

ಅಮ್ಮ ಎಡದಿಂದ ಶುರುಮಾಡಿದಳು. ಕಿಟಕಿ, ಕಿಟಕಿ, ಇನ್ನೊಂದು ಕಿಟಕಿ. ಇದು ರೈಲಾ ಎಂದು ಕೇಳಿದಳು. ಕೈ ಚಾಚಿ ಚಾಚಿ ಸಾಲದೆ ಅಮ್ಮ ಎದ್ದು ನಿಂತಳು. ಮೇಜಿನ ಉದ್ದಕ್ಕೂ ನಡೆದು ಬಲತುದಿಯಲ್ಲಿದ್ದ ಮುಂದಿನ ಚಕ್ರದ ಹತ್ತಿರ ಆ ಪುಟ್ಟ ಆಕೃತಿಯನ್ನು ಮುಟ್ಟಿದಳು. ತಲೆಯ ಮೇಲಿನ ಟೋಪಿ ಮುಟ್ಟಿದಳು. ಮತ್ತೆ ಬಸ್ಸಿನ ಹಿಂದಿನ ತುದಿಗೆ ಹೋದಳು, ಮತ್ತೆ ಮುಂದಕ್ಕೆ ಬಂದಳು.

"ಇದು ಇವಳಾ?"

"ಹೂಂ" ಅಂದಳು ಚಿಕ್ಕಮ್ಮ.

"ಅಳತೆ ಸರಿ ಇದೆಯಾ? ಅಂದಾಜಿಗೆ ಹಾಕಿದೀಯಾ?"

"ಸ್ಕೇಲ್ ಹಿಡಿದೇ ಹಾಕಿದೀನಿ ಅಕ್ಕ."

ಅಮ್ಮ ನನ್ನ ಕಡೆ ತಿರುಗಿದಳು. ನಾನು ಎಲ್ಲಿ ನಿಂತಿದ್ದೇನೆ ಎಂದು ಅವಳಿಗೆ ಯಾವಾಗಲೂ ಗೊತ್ತಾಗುತ್ತಿತ್ತು. "ಇಷ್ಟು ದೊಡ್ಡದನ್ನ ನೀನು ಓಡಿಸ್ತೀಯಾ?" ಅಂದಳು. "ಜನ ತುಂಬಿಕೊಂಡು?"

ನಾನು ಹೌದೆಂದೆ. ಅಮ್ಮ ನನ್ನ ಕೈ ಹುಡುಕಿ ಹಿಡಿದುಕೊಂಡು, ಅಂಗೈಯನ್ನು ಬೆರಳಿನಿಂದ ಸವರಿದಳು. ಸ್ಟೇರಿಂಗ್ ಹಿಡಿದು ಗಟ್ಟಿಯಾಗಿದ್ದ ಜಾಗದ ಮೇಲೆ ಬೆರಳು ನಿಲ್ಲಿಸಿದಳು. ಆಮೇಲೆ ಪ್ರಶ್ನೆಗಳು ಶುರುವಾದವು. ತಿರುವಿನಲ್ಲಿ ಹಿಂಬದಿ ಹೇಗೆ ಗೊತ್ತಾಗುತ್ತದೆ, ಮಳೆ ಬಂದರೆ ಏನು ಮಾಡುತ್ತೀಯ, ಯಾರಾದರೂ ಜಗಳ ತೆಗೆಯುತ್ತಾರಾ, ಕೂತು ಕೂತು ಬೆನ್ನು ನೋಯುವುದಿಲ್ಲವಾ. ಇಷ್ಟು ದಿನ ಕೂಡಿಟ್ಟದ್ದೆಲ್ಲ ಒಮ್ಮೆಲೇ ಬಂತು. ನಾನು ಹೇಳುತ್ತಾ ಹೋದೆ. ಚಿಕ್ಕಮ್ಮ ಯಾವಾಗ ಎದ್ದು ತನ್ನ ಕೋಣೆಗೆ ಹೋದಳೋ ನಾವಿಬ್ಬರೂ ಗಮನಿಸಲಿಲ್ಲ.

ಮುಂದಿನ ವಾರ ಅಮ್ಮ ನನ್ನ ಬಸ್ಸು ಹತ್ತಿದಳು. ಚಿಕ್ಕಮ್ಮನ ತೋಳು ಹಿಡಿದು ಬಂದು ನನ್ನ ಹಿಂದಿನ ಸೀಟಿನಲ್ಲಿ ಕೂತು ಕೊನೆಯ ನಿಲ್ದಾಣದವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸು ಬಂದಳು. ಇಳಿಯುವಾಗ ಬ್ರೇಕು ಸ್ವಲ್ಪ ಮೆತ್ತಗೆ ಒತ್ತಬಹುದಿತ್ತು ಅಂದಳು.

ಆಲ್ಬಮ್ಮಿನ ಸುದ್ದಿ ಹರಡಿದ್ದು ಕಣ್ಣಿನ ಆಸ್ಪತ್ರೆಯಿಂದ. ತಪಾಸಣೆಗೆ ಹೋದಾಗ ಹೊತ್ತು ಕಳೆಯಲೆಂದು ಅಮ್ಮ ಒಂದು ಆಲ್ಬಮ್ ಒಯ್ದಿದ್ದಳು. ಕಾಯುವ ಕೋಣೆಯಲ್ಲಿ ಪಕ್ಕ ಕೂತ ಹೆಂಗಸು ಅದೇನೆಂದು ಕೇಳಿ, ತಾನೂ ಮುಟ್ಟಿ ನೋಡಿ, ಇದನ್ನು ಎಲ್ಲಿ ಮಾರುತ್ತಾರೆ ಎಂದು ವಿಚಾರಿಸಿದಳು. ನರ್ಸು ಬಂದು ನೋಡಿದಳು, ವೈದ್ಯರು ಬಂದು ನೋಡಿದರು. ಚಿಕ್ಕಮ್ಮ ಇದನ್ನು ಬೇರೆಯವರಿಗೂ ಕಲಿಸಲೆಂದು ಹತ್ತಿರದ ಗ್ರಂಥಾಲಯದವರು ಭಾನುವಾರ ಬೆಳಿಗ್ಗೆ ಒಂದು ಕೋಣೆ ಬಿಟ್ಟುಕೊಟ್ಟರು. ಚಿಕ್ಕಮ್ಮನಿಗೆ ಜನರ ಮುಂದೆ ನಿಂತು ಮಾತಾಡಿ ಅಭ್ಯಾಸವಿರಲಿಲ್ಲ. ಮೊದಲ ಭಾನುವಾರ ನಮಸ್ಕಾರ ಅಂದವಳು ಮುಂದೇನೂ ತೋಚದೆ ಎಲ್ಲರ ಕೈಗೂ ಒಂದೊಂದು ಸುರುಳಿ ಕೊಟ್ಟು, ಕಣ್ಣು ಮುಚ್ಚಿ ಹರೀರಿ ಅಂದಳು. ಕೋಣೆಯ ತುಂಬ ಕಾಗದ ಹರಿಯುವ ಸದ್ದು. ಪಾಠ ಶುರುವಾದದ್ದು ಹಾಗೆ.

ಈಗ ಅವಳು ಅಂಗಡಿಯ ಕೆಲಸದಿಂದ ನಿವೃತ್ತಳಾಗಿದ್ದಾಳೆ. ಭಾನುವಾರದ ಕೋಣೆ ಮಾತ್ರ ನಡೆಯುತ್ತಲೇ ಇದೆ. ಕಣ್ಣು ಮಂಜಾಗುತ್ತಿರುವ ಟೈಪಿಸ್ಟು, ಕಾಣದ ಮಗಳಿಗೆ ತನ್ನ ಮೀನುದೋಣಿಯನ್ನು ತೋರಿಸಬೇಕೆನ್ನುವ ತಂದೆ, ಹೀಗೆ ಯಾರಾದರೂ ಬರುತ್ತಿರುತ್ತಾರೆ. ಚಿಕ್ಕಮ್ಮ ಮೇಜಿನಿಂದ ಮೇಜಿಗೆ ಓಡಾಡಿ ಕೈ ಹಿಡಿದು ತೋರಿಸುತ್ತಾಳೆ. ಅಮ್ಮ ಕಿಟಕಿಯ ಹತ್ತಿರ ಒಂದು ಕುರ್ಚಿಯಲ್ಲಿ ಕೂತಿರುತ್ತಾಳೆ. ಮುಗಿದ ಪುಟ ಅವಳ ಕೈಯಲ್ಲಿ ಪಾಸಾಗಬೇಕು. ಅವಳು ಯಾರಿಗೂ ಮುಲಾಜು ತೋರಿಸುವುದಿಲ್ಲ ಎಂದು ಜನ ನನ್ನ ಹತ್ತಿರ ದೂರು ಹೇಳುತ್ತಾರೆ. ಹೇಳಿ, ಮರುವಾರ ಮತ್ತೆ ಬರುತ್ತಾರೆ.

ಮೊನ್ನೆ ನಾನು ರಜೆಯಿದ್ದುದರಿಂದ ಅವರ ಜೊತೆ ಹೋಗಿದ್ದೆ. ಗಡಿಯಾರ ರಿಪೇರಿಯ ಮುದುಕರೊಬ್ಬರು ಬಂದಿದ್ದರು. ಹೆಂಡತಿಗೆ ಕಣ್ಣು ಕಾಣದು, ಇವರಿಗೆ ಕೈ ನಡುಕ, ಅಂಗಡಿ ಮುಚ್ಚಿ ಬಹಳ ಕಾಲವಾಗಿದೆ. ತಾವಿಬ್ಬರೂ ಮೊದಲು ಸಂಸಾರ ಹೂಡಿದ ಮನೆಯ ಫೋಟೋ ತಂದು, ಕದದ ಕೆಳಗೆ ಆ ಮನೆಯನ್ನು ಕಟ್ಟುತ್ತಿದ್ದರು. ಬೆಳಗಿನಿಂದ ಕೂತು ಒಂದು ಗೋಡೆ, ಒಂದು ಕಿಟಕಿ ಆಗಿತ್ತು. ಒಂದು ಪಟ್ಟಿಯೂ ನೆಟ್ಟಗಿರಲಿಲ್ಲ. ನೆಟ್ಟಗಿನ ಅಂಚು ಎಂದರೆ ಪ್ರಾಣ ಬಿಡುವ ಚಿಕ್ಕಮ್ಮನ ಕೈ ಸರಿಪಡಿಸಲು ಮುಂದಕ್ಕೆ ಹೋಯಿತು. ಆಮೇಲೆ ಅವಳೇ ಕೈ ಹಿಂದಕ್ಕೆ ಎಳೆದುಕೊಂಡು ಪುಟವನ್ನು ಅಮ್ಮನ ಮುಂದಿಟ್ಟಳು.

ಅಮ್ಮ ನಿಧಾನವಾಗಿ ಸವರಿದಳು.

"ಓರೆ ಆಗಿದೆ ಅಲ್ವಾ?" ಎಂದು ಮುದುಕರು ಸಂಕೋಚದಿಂದ ಕೇಳಿದರು. "ತೆಗೆದು ಇವರ ಕೈಲೇ ಹಾಕಿಸಲಾ?"

"ಓರೆ ಆಗಿದೆ" ಅಂದಳು ಅಮ್ಮ. "ಆದ್ರೆ ಇದು ನಿಮ್ಮ ಕೈ ಅಂತ ನಿಮ್ಮ ಮನೆಯವರಿಗೆ ಮುಟ್ಟಿದ ತಕ್ಷಣ ಗೊತ್ತಾಗತ್ತೆ. ಹಾಗೇ ಇರ್ಲಿ ಬಿಡಿ. ಬಾಗಿಲು ಎಲ್ಲಿ ಬರತ್ತೆ?"

ಅವರು ತೋರಿಸಿದರು. ಚಿಕ್ಕಮ್ಮ ಹಸಿರು ಗೆರೆಯ ಸುರುಳಿಯೊಂದನ್ನು ಆರಿಸಿ ಅವರ ಕೈಯಲ್ಲಿಟ್ಟು, ಮೇಜು ಅಲುಗದಂತೆ ಎರಡೂ ಕೈಯಿಂದ ಹಿಡಿದು ನಿಂತಳು.